ಮನೇಲಿ ಕೇಳಿ ಹೇಳ್ತೀನಿ

ನೋಡಿ, ಒಂದೂರಲ್ಲಿ ಒಬ್ಬನಿದ್ದ. ಶ್ರೀಮಂತ ಅಂತ ನಾನು ಹೇಳಲಿಲ್ಲ. ಶ್ರೀಮಂತನಾಗಿಯೇ ತೀರುತ್ತೇನೆ ಎಂದು ಹೊರಟವನು. ಸೈಟು ಮಾರುವ ಕೆಲಸ. ಅದಕ್ಕೊಂದು ತರಬೇತಿ ಬೇರೆ! ಹೋಟೆಲಿನ ಹಾಲ್‌ನಲ್ಲಿ ಟೈ ಕಟ್ಟಿದ ಗುರು ಪಾಠ ಹೇಳಿದ: "ಗಿರಾಕಿ 'ಮನೇಲಿ ಕೇಳಿ ಹೇಳ್ತೀನಿ' ಅಂದ್ರೆ ಅದು ಸುಳ್ಳು. ಮನೆಗೆ ಬಿಟ್ರೋ, ಕೈತಪ್ಪಿ ಹೋದ. ಅಲ್ಲೇ ಅಡ್ವಾನ್ಸ್ ಹಾಕಿಸ್ಕೊಳ್ಳಿ."

ಇವನು ಅದನ್ನೇ ಮಂತ್ರ ಮಾಡಿಕೊಂಡ. ಯಾರಾದರೂ ಆ ಮಾತು ಎತ್ತಿದರೆ ಸಾಕು, "ಮನೇಲಿ ಯಜಮಾನ್ರು ನೀವಲ್ವಾ ಸಾರ್?" ಎಂದು ನಗುತ್ತಿದ್ದ. ಪಾಪ, ರೋಷಕ್ಕೆ ಬಿದ್ದು ಚೆಕ್ ಬರೆದವರು ಎಷ್ಟು ಜನವೋ!

ದುಡ್ಡು ಬಂತು. ಅದರ ಬೆನ್ನಿಗೇ ಅನುಮಾನವೂ ಬಂತು. ಎಲ್ಲರೂ ಸುಳ್ಳು ಹೇಳುತ್ತಾರೆ ಎಂದು ಕಲಿತವನಿಗೆ ಇನ್ನೇನು ಬರುತ್ತದೆ, ಹೇಳಿ? ಹೆಂಡತಿ ಕಾಫಿಗೆ ಸಕ್ಕರೆ ಜಾಸ್ತಿ ಹಾಕಿದರೆ, ಇವಳಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತಿದ್ದ. ಅವಳು ತವರಿಗೆ ಫೋನು ಮಾಡಿದರೆ ಬಾಗಿಲ ಹಿಂದೆ ನಿಲ್ಲುತ್ತಿದ್ದ. ನಗಬೇಡಿ, ಇಲ್ಲೂ ನಿಲ್ಲುವವರಿದ್ದಾರೆ.

ಒಂದು ಬೇಸಿಗೆಯಲ್ಲಿ ಒಬ್ಬ ದಲ್ಲಾಳಿ ಬಂದ. ಹೆಂಡತಿಯ ತವರೂರಿನಲ್ಲೇ, ಕೆರೆ ಪಕ್ಕ ಹೊಲವಿದೆ, ಲೇಔಟ್ ಮಾಡಿದರೆ ಬಂಗಾರ ಎಂದ. ಇವನಿಗೆ ಮನೆಯಲ್ಲಿ ಒಂದು ಮಾತು ಕೇಳಬೇಕೆನಿಸಿತು. ಮರುಕ್ಷಣವೇ ಅನುಮಾನ. ಇವಳಿಗೆ ಹೇಳಿದರೆ ಅವಳ ತಮ್ಮನ ಕಿವಿಗೆ ಬೀಳುತ್ತದೆ, ಭಾಮೈದ ಮೊದಲೇ ಹೋಗಿ ಹೊಡೆದುಕೊಳ್ಳುತ್ತಾನೆ! ಅಷ್ಟರಲ್ಲಿ ದಲ್ಲಾಳಿ ಮೆಲ್ಲಗೆ ನಕ್ಕ. "ನಿಮ್ಮಂಥೋರೂ ಮನೇಲಿ ಕೇಳ್ಬೇಕಾ ಸಾರ್?" ಅವನೂ ಅದೇ ಗುರುವಿನ ಶಿಷ್ಯನಿರಬೇಕು. ಇವನು ವಾಸದ ಮನೆಯನ್ನೇ ಅಡವಿಟ್ಟು ಹೊಲ ಕೊಂಡ. ಕಟ್ಟುವಾಗ ಹೆಂಡತಿಯೇ ದಿನಾ ಗೋಡೆಗೆ ನೀರು ಹಾಕಿ ಗಟ್ಟಿ ಮಾಡಿದ್ದ ಮನೆ ಅದು.

ಕಲ್ಲು ನೆಟ್ಟು ಪೂಜೆ ಮಾಡುವ ದಿನ ಅವಳನ್ನು ಕರೆದುಕೊಂಡು ಹೋದ. ಆರತಿ ತಟ್ಟೆ ಹಿಡಿದವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಇದು ಕೋಡಿಹೊಲ ಅಲ್ವೇನ್ರೀ? ಕೆರೆ ತುಂಬಿ ಕೋಡಿ ಬಿದ್ರೆ ನೀರು ಹರಿಯೋದು ಇಲ್ಲೇ. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

ಆಗಲಾದರೂ ಬುದ್ಧಿ ಬಂತೇ? ಎಲ್ಲಿಂದ ಬರಬೇಕು! "ನಿನ್ನ ತಮ್ಮ ಹೇಳ್ಕೊಟ್ಟು ಕಳ್ಸಿದ್ದಾನಾ?" ಎಂದ. ಅವಳು ತಟ್ಟೆಯನ್ನು ಕೆಳಗಿಟ್ಟು ಹೋಗಿ ಕಾರಿನಲ್ಲಿ ಕೂತಳು.

ಆ ವರ್ಷವೇ ಕೆರೆ ಕೋಡಿ ಬಿತ್ತು. ನೆಟ್ಟ ಕಲ್ಲೆಲ್ಲ ನೀರಲ್ಲಿ. ಅಷ್ಟರಲ್ಲೇ ಅಡ್ವಾನ್ಸ್ ಕೊಟ್ಟು ಸೈಟು ಕೊಂಡಿದ್ದವರು ದುಡ್ಡು ವಾಪಸ್ ಕೇಳಿ ಬಾಗಿಲಿಗೆ ಬಂದು ಕೂತರು, ಬ್ಯಾಂಕಿನವರು ಮನೆ ಹಿಡಿದುಕೊಂಡರು. ಗಂಡ ಹೆಂಡಿರಿಗೆ ಸೂರಿಲ್ಲದಂತಾಯಿತು.

ಬಾಡಿಗೆ ಮನೆ ಹುಡುಕಲು ಒಬ್ಬನೇ ಹೋದ. ಎರಡು ಕೋಣೆ, ಒಂದು ನಲ್ಲಿ. ಮನೆ ಮಾಲೀಕ ಅಡ್ವಾನ್ಸ್ ಕೇಳಿದ. ಇವನು ಜೇಬಿಗೆ ಕೈ ಹಾಕಿ, ಹಾಗೇ ನಿಂತು, "ಮನೇಲಿ ಕೇಳಿ ಹೇಳ್ತೀನಿ" ಎಂದ. ಜನ್ಮದಲ್ಲಿ ಮೊದಲ ಸಲ, ನಿಜವಾಗಿ. ಮಾಲೀಕ ನಕ್ಕುಬಿಟ್ಟ. "ಬಿಡಿ ಸ್ವಾಮಿ, ಎಲ್ರೂ ಹಾಗೇ ಅನ್ನೋದು. ಹೋದೋರು ಯಾರು ವಾಪಸ್ ಬಂದಿದ್ದಾರೆ?"

ಈಗ ನಿಮ್ಮನ್ನು ಕೇಳುತ್ತೇನೆ. ನೀವೂ ಆ ಮಾತು ಆಡುತ್ತೀರಿ. ಅಂಗಡಿಯಲ್ಲಿ, ಬ್ರೋಕರ್ ಮುಂದೆ, ಚಂದಾ ಕೇಳಲು ಬಂದವರ ಮುಂದೆ ಆಡಿ ಜಾರಿಕೊಳ್ಳುತ್ತೀರಿ. ಮನೆಗೆ ಹೋಗಿ ಕೇಳಿದ್ದೀರಾ? ಬಾಯಿ ಬಿಟ್ಟು ಹೇಳಿ, ಕೇಳಿದ್ದೀರಾ? ಊರನ್ನೆಲ್ಲ ಅನುಮಾನಿಸುವ ನಾವು ನಮ್ಮನ್ನು ಹೊಗಳುವವನನ್ನು ಮಾತ್ರ ನಂಬುತ್ತೇವೆ. ಇವತ್ತು ಮನೆಗೆ ಹೋಗಿ. ನಿಮ್ಮ ತಲೆಯಲ್ಲಿ ಯಾವ ಕೊಡುವ ಕೊಳ್ಳುವ ವ್ಯವಹಾರ ಓಡುತ್ತಿದೆಯೋ ಅದನ್ನು ಹೆಂಡತಿಯ ಮುಂದೆ, ಗಂಡನ ಮುಂದೆ ಇಡಿ. "ನೀನೇನಂತೀಯಾ?" ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಅವರು ಉತ್ತರ ಕೊಡುವ ಮೊದಲು ನಿಮ್ಮ ಮುಖವನ್ನೊಮ್ಮೆ ಅನುಮಾನದಿಂದ ನೋಡುತ್ತಾರೆ. ಆ ನೋಟ ನೀವೇ ಕಲಿಸಿದ್ದು, ಸಹಿಸಿಕೊಳ್ಳಿ.