ಫ್ರಿಜ್ಜಿನಲ್ಲಿ ಹೊಳೆಯ ಕೆಸರು

...ಅಲ್ಲ ಮಿನ್ಹಾ, ಮೊದಲು ಅದನ್ನು ಫ್ರಿಜ್ಜಿನಿಂದ ಹೊರಗೆ ತೆಗಿ. ಊಟ ಆಮೇಲೆ. ಛೀ... ಛೀ ಛೀ. ಜುಮ್ಮಾ ನಮಾಜು ಮುಗಿಸಿ ಬಂದವನು ಒಂದು ಲೋಟ ಲಬನ್ ಮಜ್ಜಿಗೆ ಕುಡಿಯುವಾ ಅಂತ ಬಾಗಿಲು ತೆಗೆದರೆ ಎದುರಿಗೆ ಎಂತ? ಕಪ್ಪು ಕೆಸರಿನ ಬಾಟ್ಲಿಗಳು. ಸಾಲಾಗಿ. ಅಜ್ಜಿ ಊರಿಂದ ಕಳಿಸಿದ ಹುಣಸೆಹುಳಿ ಅಂತ ಗ್ರಹಿಸಿ ಒಂದರ ಮುಚ್ಚಳ ಬೇರೆ ತೆಗೆದೆ. ಒಳಗೆ ಕೆಂಪು ಹುಳ, ಜೀವ ಇರುವ ಹುಳ, ಮಿಸುಕಾಡ್ತಾ ಉಂಟು... ನಗ್ತೀಯಾ? ನಗು, ನಗು. ಅಪ್ಪ ಹೆದರಿ ಹಿಂದೆ ಹಾರಿದರೆ ಮಗಳಿಗೆ ತಮಾಷೆ.

ಕಾಲೇಜಿನ ಪ್ರಾಜೆಕ್ಟ್ ಅಂತ ಗೊತ್ತುಂಟು. ಹೊಳೆಯ ಅಡಿಯಲ್ಲಿ ಬದುಕುವ ಹುಳ, ಚಿಪ್ಪು, ಏಡಿ... ಯಾವುದು ಉಳಿದಿದೆ, ಯಾವುದು ಸತ್ತಿದೆ ಅಂತ ನೋಡುವುದು. ಒಳ್ಳೆಯದೇ. ಆದರೆ ರಜೆಗೆ ಊರಿಗೆ ಹೋಗ್ತೇನೆ ಬಾಪಾ ಅಂದಾಗ ನಾನು ಟಿಕೆಟ್ ಮಾಡಿಕೊಟ್ಟದ್ದು ಅಜ್ಜಿಯ ಕೈಯಿಂದ ಪತ್ತಿರಿ ತಿಂದು ಬರಲಿ ಅಂತ. ಜರಡಿ ಹಿಡ್ಕೊಂಡು ಹೊಳೆಗೆ ಇಳಿಯಲಿಕ್ಕಲ್ಲ. ಇಲ್ಲಿ ಗಲ್ಫಿನಲ್ಲೇ ಯಾವುದಾದರೂ ವಾದಿಯಲ್ಲಿ, ಮರಳುಗಾಡಿನ ತೊರೆಯಲ್ಲಿ, ಮಾಡಬಹುದಿತ್ತಲ್ಲ? ನೀರಿಲ್ಲ? ಸರಿ. ನೀರಿಲ್ಲ. ಒಪ್ಪಿದೆ.

ಅಬ್ಬ, ಆ ವಾಸನೆ! ಕೊಳೆತ ಮೊಟ್ಟೆಯ ಹಾಗೆ. ನಾನು ರುವೈಸಿನ ರಿಫೈನರಿಯಲ್ಲಿ ಕೆಲಸ ಮಾಡುವವನು, ನನ್ನ ಮೂಗಿಗೆ ಯಾವ ವಾಸನೆಯೂ ಹೊಸತಲ್ಲ. ಆದರೂ ಇದು... ಥೂ. ಅಲ್ಲಿ ನೆಲಕ್ಕೆ ಒಂದು ತೊಟ್ಟು ಎಣ್ಣೆ ಬಿದ್ದರೆ ಜನ ಓಡಿ ಬರ್ತಾರೆ, ಒರೆಸ್ತಾರೆ, ಫೋಟೊ ತೆಗೀತಾರೆ, ಯಾರು ಚೆಲ್ಲಿದ್ದು ಅಂತ ನಿಲ್ಲಿಸಿ ಕೇಳ್ತಾರೆ. ಊರಲ್ಲಿ ಕೇಳುವವರು ಯಾರು? ಮಾಫಿ, ಯಾರೂ ಇಲ್ಲ. ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸುವುದು, ಕೋಳಿ ಅಂಗಡಿಯ ಪುಕ್ಕ, ಕರುಳು, ಮಕ್ಕಳ ಡೈಪರ್, ಎಲ್ಲ ಮೂಟೆ ಕಟ್ಟಿ ಕೆಳಗೆ ಎಸೆಯುವುದು, ಕೈ ಒರೆಸಿಕೊಂಡು ಹೋಗುವುದು. ಮನುಷ್ಯರಾ ಇವರು?

ಅದೇ ಹೊಳೆಯಲ್ಲಿ ನಿನ್ನ ಅಜ್ಜಿ ಮರುವಾಯಿ ಚಿಪ್ಪು ಹೆಕ್ಕಿ ನಮ್ಮನ್ನು ಸಾಕಿದ್ದು. ನಿನಗೆ ಹೇಳಿದ್ದೇನೆ, ಇನ್ನೊಮ್ಮೆ ಕೇಳು. ನೀರು ಇಳಿಯುವ ಹೊತ್ತಿಗೆ ಸೊಂಟಕ್ಕೆ ಬುಟ್ಟಿ ಕಟ್ಟಿ ಹೊರಡುವುದು. ಮರುವಾಯಿಯನ್ನು ಕಣ್ಣಿಂದ ಹುಡುಕುವುದಲ್ಲ ಮಾರಾಯ್ತಿ, ಕಾಲಿಂದ. ಹೆಬ್ಬೆರಳಲ್ಲಿ ಹೊಯ್ಗೆ ಕೆದಕ್ತಾ ಹೋದರೆ ಗಟ್ಟಿಯಾಗಿ ತಾಗ್ತದೆ, ಬಗ್ಗಿ ಹೆಕ್ಕುವುದು. ಸಣ್ಣದನ್ನು ಬುಟ್ಟಿಗೆ ಹಾಕಿದರೆ ನಮ್ಮ ಬೆನ್ನಿಗೆ ಬೀಳ್ತಿತ್ತು. ಅದಕ್ಕೂ ಒಂದು ಮಳೆಗಾಲ ಬೇಕು, ವಾಪಸ್ ಬಿಡು, ಅಂತಿದ್ದರು ನನ್ನ ಉಮ್ಮ.

ಈಗ? ಎಲ್ಲಿ ಉಂಟು ಮರುವಾಯಿ? ಒಂದೆರಡು ಸಿಕ್ಕಿದರೂ ಒಳಗೆ ಮಾಂಸ ಇಲ್ಲ, ಬರೀ ಕೆಸರು. ಎಲ್ಲ ಈ ಮರಳು ದಂಧೆಯವರು, ಹೊಯ್ಗೆ ತೆಗೆಯುವವರು ಮಾಡಿದ ಕರ್ಮ. ಆ ಹೊಳೆಯ ಅನ್ನ ತಿಂದೇ ದೊಡ್ಡವರಾದವರು, ಉಂಡ ಮನೆಯ ಜಂತಿ ಎಣಿಸುವವರು. ದೋಣಿಗೆ ಪಂಪು ಕಟ್ಟಿ, ಪೈಪು ಅಡಿಗೆ ಬಿಟ್ಟು, ಹೊಯ್ಗೆ, ಚಿಪ್ಪು, ಏಡಿಮರಿ, ಮೀನಿನ ಮೊಟ್ಟೆ ಎಲ್ಲವನ್ನೂ ಒಟ್ಟಿಗೇ ಹೀರಿ... ಹೊಯ್ಗೆ ಲಾರಿಗೆ, ಉಳಿದದ್ದು ದಡಕ್ಕೆ, ಬಿಸಿಲಿಗೆ ಕೊಳೆಯಲಿಕ್ಕೆ. ಅಂಥವರ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಕ್ಕೂ ನನಗೆ ಹೇಸಿಗೆ. ಎರಡು ವರ್ಷ ಆಯ್ತು ಊರಿಗೆ ಹೋಗದೆ, ಆದರೂ ನೆನೆಸಿದರೆ ಮೈ ಉರೀತದೆ.

ಯಾಕೆ ಹಾಗೆ ನೋಡ್ತಿ? ಉಣ್ಣು. ನಫೀಸಾ, ನಿನ್ನ ಮಗಳಿಗೆ ಇನ್ನೊಂದು ತುಂಡು ಅಂಜಲ್ ಮೀನು ಹಾಕು, ಊರಿಗೆ ಹೋಗಿ ಬಂದು ಕಡ್ಡಿಯಾಗಿದ್ದಾಳೆ.

ಮತ್ತೆ ನೀನು ಇಳಿದದ್ದು ನಮ್ಮ ಕಡವಿನ ಹತ್ತಿರ, ದೋಣಿ ನಿಲ್ಲುವಲ್ಲಿ ಮಾತ್ರ ಅಲ್ವಾ? ಹಳೆ ಸೇತುವೆಯ ಅಡಿಗೆ ಹೋಗ್ಲಿಲ್ಲ ತಾನೇ? ಅಲ್ಲಿ ಆಳ ಉಂಟು ಮಗಳೇ, ಒಬ್ಬರ ಮೇಲೆ ಒಬ್ಬರು ನಿಂತರೂ ತಲೆ ಕಾಣುವುದಿಲ್ಲ. ಮೊದಲು ಮೊಣಕಾಲಿನಷ್ಟೇ ಇತ್ತು. ಕಳೆದ ಮಳೆಗಾಲದ ನಂತರ ಆದ ಗುಂಡಿ ಅದು, ಪಂಪು ಅಲ್ಲೇ ನಿಲ್ಲಿಸಿ... ಎಂತ? ಊರಿಗೆ ಹೋಗದವನಿಗೆ ಹೇಗೆ ಗೊತ್ತು ಅಂತ ಕಣ್ಣಲ್ಲೇ ಕೇಳಬೇಡ. ಸವಾದ್ ಹೇಳಿದ್ದು. ನಿನ್ನ ಸವಾದ್ ಮಾಮ ಆಗಾಗ ಫೋನ್ ಮಾಡ್ತಾನಲ್ಲ, ಊರಿನ ಸುದ್ದಿ ಹೇಳ್ತಾನೆ. ಯಾರಿಗೆ ಮದುವೆ ಆಯ್ತು, ಯಾರು ತೀರಿಕೊಂಡರು, ಎಷ್ಟು ಲೋಡ್ ಹೋಯ್ತು, ಡೀಸೆಲ್... ಡೀಸೆಲ್ ಅವನ ಪಿಕಪ್ಪಿಗೆ. ನೀನೆಂತ ಪೊಲೀಸಾ?

ತಟ್ಟೆ ಯಾಕೆ ಸರಿಸಿದೆ?

ಮೊಬೈಲ್ ಯಾಕೆ ನನ್ನ ಮುಖಕ್ಕೆ ಹಿಡೀತಿ... ಇರು, ಕನ್ನಡಕ ಎಲ್ಲಿ... ಹೂಂ. ಹೊಳೆ. ಸೇತುವೆ. ದೋಣಿ, ಹಸಿರು ದೋಣಿ. ಪಂಪು ಉಂಟು, ಪೈಪು ಉಂಟು. ಇಂಥದ್ದು ಅಲ್ಲಿ ಬೇಕಾದಷ್ಟು ಉಂಟಲ್ಲ. ಬೆರಳಿಂದ ಎಳೆದು ದೊಡ್ಡದು ಮಾಡಬೇಡ. ಬೇಡ ಅಂದೆನಲ್ಲ... ಎಂತ ತೋರಿಸ್ತಿ...

ಹೆಸರಾ.

ಅದು... ಅದರ ಮೇಲೆ ಬಣ್ಣ ಬಳಿ ಅಂತ ಸವಾದನಿಗೆ ಹೇಳಿದ್ದೆ. ನೀನು ಹೊರಡುವ ಮೊದಲೇ ಹೇಳಿದ್ದೆ.

ಅಲ್ಲ, ಕೇಳು. ಕೂತ್ಕೊ. ಗಲ್ಫಿಗೆ ಬಂದವನು ಊರಲ್ಲಿ ಎಂತ ಮಾಡಿದರೂ ಮಕ್ಕಳ ಹೆಸರೇ ಇಡುವುದು. ಮನೆ ಕಟ್ಟಿದೆ, ಗೇಟಿನಲ್ಲಿ ಮಿನ್ಹಾ ಮಂಝಿಲ್. ರಿಕ್ಷಾ ತೆಗೆದೆ, ಹಿಂದೆ ಮಿನ್ಹಾ. ದೋಣಿಗೆ ಎಂತ ಬರೆಸುವುದು ಭಾವ ಅಂತ ಸವಾದ್ ಫೋನಿನಲ್ಲಿ ಕೇಳಿದ, ಬಾಯಿಗೆ ಬಂದದ್ದು ನಿನ್ನ ಹೆಸರು. ಕೆಟ್ಟ ಕೆಲಸ ಅಂತ ಅನಿಸಿದ್ದರೆ ಯಾವ ಅಪ್ಪ ಮಗಳ ಹೆಸರು ಬರೆಸ್ತಾನೆ? ಎಲ್ಲರೂ ತೆಗೀತಿದ್ದರು. ನಾನು ಬಿಟ್ಟರೆ ಹೊಯ್ಗೆ ಅಲ್ಲೇ ಉಳೀತಿತ್ತಾ? ನಿನ್ನ ಕಾಲೇಜು, ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಈ ಫ್ಲ್ಯಾಟು, ಎಲ್ಲ ರುವೈಸಿನ ಸಂಬಳದಲ್ಲೇ ಆಗ್ತದೆ ಅಂತ ಗ್ರಹಿಸಿದ್ದೀಯಾ? ನಫೀಸಾ, ನೀನು ಹಾಗೆ ನೆಲ ನೋಡಬೇಡ, ನಿನಗೆ ಗೊತ್ತಿಲ್ಲದ್ದಲ್ಲ.

ಬರಿ. ಪ್ರಾಜೆಕ್ಟಿನಲ್ಲಿ ಬರಿ. ದೋಣಿಯ ಹೆಸರೂ ಬರಿ, ಅಪ್ಪನ ಹೆಸರೂ ಬರಿ, ಖಲಾಸ್. ಬೈಯುವುದಾದರೆ ಬೈ. ಯಾವಾಗಲೂ ಇಂಗ್ಲಿಷಿನಲ್ಲಿ ಪಟಪಟ ಜವಾಬು ಕೊಡುವವಳು, ಇಂಗ್ಲಿಷಿನಲ್ಲೇ ಬೈ.

ಇರು. ಇನ್ನೊಮ್ಮೆ ತೋರಿಸು ಅದನ್ನು. ಇದು ನಮ್ಮ ಹಿತ್ತಿಲಿನಿಂದ ತೆಗೆದದ್ದಲ್ವಾ? ಈ ಮೂಲೆಯಲ್ಲಿ ಯಾರು, ತಲೆಗೆ ಬಿಳಿ ಬಟ್ಟೆ... ಉಮ್ಮ. ನೀರಿನ ಹತ್ತಿರ ಯಾಕೆ ಬಂದು ನಿಂತಿದ್ದಾರೆ? ಕೈ ಎತ್ತಿದ್ದಾರೆ. ದುವಾ ಮಾಡ್ತಿದ್ದಾರಾ?

ದುವಾ ಅಲ್ಲ ಅಂತೀಯಾ?

ಶಾಪ ಹಾಕ್ತಿದ್ದಾರಾ? ನನ್ನ ಉಮ್ಮ? ಜೀವಮಾನದಲ್ಲಿ ಯಾರಿಗೂ ಕೆಟ್ಟದ್ದು ಹೇಳಿದವರಲ್ಲ ಅವರು. ಬೆಕ್ಕು ಮೀನು ಕದ್ದರೂ, ಪಾಪ, ಹಸಿವು, ಅಂತ ಬಿಡುವವರು... ದೋಣಿ ಬಂದಾಗಲೆಲ್ಲ ಹೀಗೆ ಬಂದು ನಿಲ್ತಾರಾ? ತಲೆ ಆಡಿಸಬೇಡ, ಬಾಯಿ ಬಿಟ್ಟು ಹೇಳು. ದಿನಾ?

ಆದರೆ ಅವರಿಗೆ ಗೊತ್ತಿಲ್ಲ. ಅವರಿಗೆ ಓದಲಿಕ್ಕೆ ಬರುವುದಿಲ್ಲ. ದೋಣಿಯಲ್ಲಿ ಇರುವವರು ಪರ ಊರಿನವರು, ಊರಿನ ಯಾರ ಬಾಯಿಂದಲೂ ಅವರ ಕಿವಿಗೆ ಬೀಳದ ಹಾಗೆ ಸವಾದ್ ನೋಡಿಕೊಂಡಿದ್ದಾನೆ. ಯಾರೋ ಹಾಳಾದವನು ಅಂತ ಶಪಿಸ್ತಿದ್ದಾರೆ, ಅಷ್ಟೇ. ಯಾರೋ. ಅಲ್ವಾ?

ಮಿನ್ಹಾ, ಆಚೆ ನೋಡಬೇಡ, ನನ್ನ ಮುಖ ನೋಡು. ನೀನು ಅವರ ಪಕ್ಕದಲ್ಲೇ ನಿಂತಿದ್ದೆ. ಅಷ್ಟು ದೊಡ್ಡ ಅಕ್ಷರ ಅದು. ಎಂತ ಮಗಳೇ ಅದರಲ್ಲಿ ಬರೆದದ್ದು ಅಂತ ಅವರು ನಿನ್ನ ಹತ್ತಿರ ಕೇಳಿಯೇ ಇರ್ತಾರೆ.

ನೀನು ಎಂತ ಹೇಳಿದೆ?