ಜಟ್ಟಣ್ಣ ಹಾಕದ ಸಹಿ

ವೇದಿಕೆಯ ಹಿರಿಯರಿಗೆ, ಕಾರವಾರ-ಅಂಕೋಲೆಯ ನನ್ನ ಗುತ್ತಿಗೆದಾರ ಬಂಧುಗಳಿಗೆ, ಮುಂದಿನ ಸಾಲಿನಲ್ಲಿ ಕುಳಿತ ಜಟ್ಟಣ್ಣನ ಹೆಂಡತಿ, ನಮ್ಮ ಅತ್ತಿಗೆ ಹೀರಾ ವೈನಿಗೆ, ಮಗಳು ವಿಜೇತಾಳಿಗೆ — ಅಂಕೋಲೆಯ ಉಮೇಶನ ನಮಸ್ಕಾರ. ಜಟ್ಟು ಗಾಂವಕರರ ಬಗ್ಗೆ ಎರಡು ಒಳ್ಳೆಯ ಮಾತಾಡು ಅಂತ ಮೈಕು ಕೊಟ್ಟಿದ್ದೀರಿ. ಆಡುತ್ತೇನೆ. ಆದರೆ ಮೊದಲು ನನ್ನದೊಂದು ಪ್ರಶ್ನೆ — ಈ ಸಭೆಗೆ ಇಷ್ಟು ಅವಸರ ಯಾಕೆ?

ಹನ್ನೊಂದನೇ ದಿನದ ಕಾರ್ಯ ಇನ್ನೂ ಆಗಿಲ್ಲ. ಸೂತಕದ ಮನೆಯ ಹೆಂಗಸನ್ನು ಕದ್ವಾಡದಿಂದ ಕಾರಿನಲ್ಲಿ ಕೂರಿಸಿ ತಂದಿದ್ದಾರೆ. ನಮ್ಮ ಕಡೆ ಯಾವಾಗ ಇತ್ತು ಈ ಪದ್ಧತಿ? ಗುತ್ತಿಗೆದಾರ ಬೀರಣ್ಣ ತೀರಿಹೋದಾಗ ನಮ್ಮ ಸಂಘ ಸಭೆ ಮಾಡಿದ್ದು ಮಳೆಗಾಲ ಕಳೆದ ಮೇಲೆ, ಅದೂ ಕುರ್ಚಿ ಬಾಡಿಗೆ ಯಾರು ಕೊಡುವುದು ಅಂತ ಜಗಳವಾಡಿ. ಇವತ್ತು ನೋಡಿ — ಬಾಡಿಗೆಯ ಸಭಾಂಗಣ, ಮೈಕು, ಆಳೆತ್ತರದ ಹಾರ, ಹಿಂದಿನ ಕೋಣೆಯಲ್ಲಿ ಚಹಾ, ಉಪ್ಪಿಟ್ಟು. ಎಲ್ಲ ಒಬ್ಬನದೇ ಖರ್ಚು. ನಮ್ಮ ಗುತ್ತಿಗೆದಾರ ವಿಕಾಸನದು. ಕೈ ಮುಗಿಯಬೇಡ ವಿಕಾಸ, ಕುಳಿತುಕೋ. ನಾನು ಹೊಗಳುತ್ತಿಲ್ಲ.

ಜಟ್ಟಣ್ಣ ಎಂಥ ಮನುಷ್ಯ? ಅನುಮಾನದ ಮನುಷ್ಯ! ಮರಳಿನ ಲಾರಿ ಬಂದರೆ ಒಂದು ಚಿಟಿಕೆ ತೆಗೆದು — ಹೀಗೆ — ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದ. ಅಳಿವೆಯ ಉಪ್ಪು ಮರಳು ಕಬ್ಬಿಣವನ್ನು ಒಳಗಿಂದಲೇ ತಿಂದುಬಿಡುತ್ತದೆ, ನಿಮಗೆಲ್ಲ ಗೊತ್ತು. ಗೊತ್ತಿದ್ದೂ ನಾವು ನೆಕ್ಕುವುದಿಲ್ಲ. ಒಮ್ಮೆ ಡ್ರೈವರ್ ಕುಪ್ಪ ಚೇಷ್ಟೆ ಮಾಡಿದ, "ಜಟ್ಟಣ್ಣಾ, ಬೇಕಾದ್ರೆ ಸ್ವಲ್ಪ ಸಕ್ರೆ ಹಾಕ್ಕೊಡ್ಲಾ?" ಜಟ್ಟಣ್ಣ ಕಣ್ಣು ಮುಚ್ಚಿಕೊಂಡೇ, ಥೂ ಅಂತ ಉಗಿದು, "ಉಪ್ಪು ನೀನೇ ಹಾಕಿ ತಂದಿದ್ಯಲಾ ಮಾರಾಯಾ. ತಿರುಗ್ಸು ಲಾರಿ" ಅಂದ. ಲಾರಿ ತಿರುಗಿತು. ನಗಿ, ನಗಿ, ಅವನಿಗೂ ನಗುವವರೆಂದರೆ ಇಷ್ಟವಿತ್ತು.

ಇಂಥವನೂ ಒಂದು ಕಡೆ ಮಾತ್ರ ನಾಲಿಗೆ ಕಟ್ಟಿಕೊಂಡ. ಅದು ನಮ್ಮೆಲ್ಲರ ಚಾಳಿ. ಯಾರಿಗಾದರೂ ಟೆಂಡರ್ ಆಯಿತೆನ್ನಿ — ಕಾಗದ ಹಿಡಿದು ಹೋಟೆಲಿಗೆ ಬರುತ್ತಾನೆ, ಚಹಾ ಹೇಳುತ್ತಾನೆ, ನಾವು ಜಾಮೀನಾಗಿ ಅವನ ಬೆನ್ನಿಗೆ ಸಹಿ ಹಾಕುತ್ತೇವೆ. ಕೆಲಸ ಹೇಗಿದೆ, ಹಣ ಎಲ್ಲಿ ಓಡುತ್ತಿದೆ ಅಂತ ಕೇಳಿದವನು ಸಣ್ಣ ಮನುಷ್ಯನಾಗುತ್ತಾನೆ. ವಿಕಾಸನ ಬೇಲೆಕೇರಿ ತಡೆಗೋಡೆಗೂ ಜಟ್ಟಣ್ಣ ಹಾಗೇ ಸಹಿ ಹಾಕಿದ.

ಹೆಂಗಸರಿಗೆ, ಹೊಸಬರಿಗೆ ತಿಳಿಯಲಿ ಅಂತ ಹೇಳುತ್ತೇನೆ. ಗುತ್ತಿಗೆದಾರ ಕೆಲಸ ಕೈಬಿಟ್ಟರೆ ಇಲಾಖೆಗೆ ನಷ್ಟ ತುಂಬಿಕೊಡುತ್ತೇನೆ ಅಂತ ವಿಮಾ ಕಂಪನಿ ಬರೆದುಕೊಡುತ್ತದೆ. ಅದು ಬಾಂಡು. ಕಂಪನಿ ಏನು ಧರ್ಮಕ್ಕೆ ಕೂತಿದೆಯೇ? ತುಂಬಿಕೊಟ್ಟದ್ದನ್ನು ವಸೂಲಿ ಮಾಡಲು, ಬೆನ್ನಿಗೆ ಸಹಿ ಹಾಕಿದವನ ಮನೆ ಬಾಗಿಲಿಗೇ ಬರುತ್ತದೆ.

ಗೋಡೆ ಅವಧಿಗೆ ಮುಗಿಯಲಿಲ್ಲ. ಬಾಂಡು ಮುಂದುವರಿಸಬೇಕು, ಇನ್ನೊಂದು ಸಹಿ ಹಾಕು ಅಂತ ವಿಕಾಸ ಕೇಳಿದ. ಈ ಸಲ ಜಟ್ಟಣ್ಣ ಬೇಲೆಕೇರಿಗೆ ಹೋದ. ಹೋಗಿ ಮರಳನ್ನು ನಾಲಿಗೆಗೆ ಇಟ್ಟ. ಅಲ್ಲಿಂದ ಸೀದಾ ನನ್ನ ಮನೆಗೆ ಬಂದ, ಚಪ್ಪಲಿಯನ್ನೂ ಬಿಡಲಿಲ್ಲ. "ಉಮೇಶಾ, ಗೋಡೆ ಮರಳಾಗೆ ಉಪ್ಪದೆ. ಬೇಲೆಕೇರಿ ಅಡ್ವಾನ್ಸು ಅರ್ಗಾ ಊರಿನ ಬೇರೆ ಕೆಲ್ಸಕ್ಕೆ ಸುರ್ದಿದಾನೆ, ಅಲ್ಲಿ ಬರೀ ತೋರ್ಸೂಕೆ ಗೋಡೆ ನಿಲ್ಸಿದಾನೆ. ನಾ ಇನ್ನೊಂದ್ಸಲ ಸಹಿ ಹಾಕೂದಿಲ್ಲ. ಇದ್ದದ್ದು ಅದೊಂದೇ ಮನೆ ಮಾರಾಯಾ, ಹೀರಾ ಎಲ್ಲಿಗೆ ಹೋಗ್ಬೇಕು?"

ಅದೇ ವಾರ ಎದೆನೋವು ಬಂತು. ಹೋದ.

ತಪ್ಪು ತಿಳಿಯಬೇಡಿ, ಸಾವಿನ ಬಗ್ಗೆ ನನಗೆ ಅನುಮಾನ ಇಲ್ಲ. ಡಾಕ್ಟರು ಹೃದಯ ಅಂದರು, ನಂಬಿದೆ. ಅನುಮಾನ ಇರುವುದು ಆಮೇಲಿನದರ ಬಗ್ಗೆ. ನಿನ್ನೆ ವಿಜೇತಾಳ ಫೋನ್ ಬಂತು. "ಕಾಕಾ, ವಿಕಾಸಣ್ಣ ಬಂದಿದ್ದ. ಆಯಿ ಹತ್ರ ಬರೀ ಒಂದು ಸಹಿ ಅಂದ. ಅಪ್ಪನ ಮಾತು ಉಳೀತದೆ, ಆತ್ಮಕ್ಕೆ ಶಾಂತಿ ಸಿಗ್ತದೆ ಅಂದ." ಎಲ್ಲಿ ಹಾಕುವುದಂತೆ ಅಂತ ಕೇಳಿದೆ. "ಸಭೆ ಮುಗ್ದ ಮೇಲೆ, ಚಹಾ ಕುಡಿಯುವಾಗ."

ಕೇಳಿದಿರಾ? ಆತ್ಮಶಾಂತಿಗೆ ವಿಮಾ ಕಂಪನಿಯ ಕಾಗದ!

ವೇದಿಕೆಯಿಂದ ಏನಂದಿರಿ ಪ್ರಕಾಶಣ್ಣ? ಇದು ಆ ಮಾತಿಗೆ ಜಾಗ ಅಲ್ಲ ಅಂತಲೇ? ಜಾಗ ಇದೇ. ಬಾಂಡಿನ ಅವಧಿ ಮುಗಿಯುವುದು ಬರುವ ಸೋಮವಾರ, ಜಟ್ಟಣ್ಣನ ಮನೆಗೆ ಈಗ ವೈನಿಯೇ ವಾರಸುದಾರರು. ಹನ್ನೊಂದರ ತನಕ ಕಾದರೆ ಸೋಮವಾರ ಕಾಯುವುದಿಲ್ಲ. ಆ ಹಿಂದಿನ ಕೋಣೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತವರು ಯಾರು? ನಮ್ಮ ಸಂಘದವರಲ್ಲ, ಜಟ್ಟಣ್ಣನ ನೆಂಟರಲ್ಲ. ಶ್ರದ್ಧಾಂಜಲಿಗೆ ಯಾರಾದರೂ ಸ್ಟಾಂಪ್ ಪ್ಯಾಡ್ ತರುತ್ತಾರೆಯೇ? ವಿಕಾಸ, ನಾನು ಹೇಳಿದ್ದು ಸುಳ್ಳಾದರೆ ಬಾ, ಈ ಮೈಕಿನಲ್ಲೇ ಹೇಳು. — ಬಾ. — ಬಾಗಿಲ ಕಡೆ ಯಾಕೆ ನೋಡುತ್ತೀ?

ನನಗೆ ಸಿಟ್ಟು ಬರುತ್ತಿದೆ. ಅಳುವೂ ಬರುತ್ತಿದೆ, ನಾಚಿಕೆ ಇಲ್ಲದೆ ಹೇಳುತ್ತೇನೆ. ಅವನಿಲ್ಲದ ಅಂಕೋಲೆ ಹೋಟೆಲಿಗೆ ನನಗೆ ಕಾಲಿಡಲು ಆಗುತ್ತಿಲ್ಲ. ವೈನಿ, ಹಳೆಯ ಸಹಿಯದ್ದು ಏನಿದ್ದರೂ ವಕೀಲರು ನೋಡಿಕೊಳ್ಳುತ್ತಾರೆ, ನಾನು ಮಾತಾಡಿ ಬಂದಿದ್ದೇನೆ. ಹೊಸದು ಮಾತ್ರ ನಿಮ್ಮ ತಲೆಗೆ ಬರುವುದು ಬೇಡ. ಗಂಡ ಬೇಡ ಅಂದದ್ದಕ್ಕೆ ಹೆಂಡತಿ ಕೈಯಲ್ಲಿ ಹೂಂ ಅನಿಸುವುದು ಯಾವ ಸೀಮೆಯ ಶ್ರದ್ಧಾಂಜಲಿ?

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ವೇದಿಕೆಯವರೂ.

ವೈನಿ, ನೀವು ನಿಲ್ಲಬೇಡಿ. ವಿಜೇತಾ, ಆಯಿಯ ಕೈ ಹಿಡಿದುಕೋ. ಎದುರು ಬಾಗಿಲಲ್ಲಿ ಬೊಮ್ಮನ ರಿಕ್ಷಾ ಇದೆ, ಸೀದಾ ಕದ್ವಾಡಕ್ಕೆ ಹೋಗಿ. ಆ ರಿಕ್ಷಾದ ಸದ್ದು ಪೂರ್ತಿ ಅಡಗುವ ತನಕ ಇಲ್ಲಿ ಯಾರೂ ಮಾತಾಡುವುದಿಲ್ಲ, ಯಾರೂ ಕದಲುವುದಿಲ್ಲ. ಜಟ್ಟಣ್ಣನಿಗೆ ನಾವು ಕೊಡುವ ಮೌನ ಅಷ್ಟೇ ಉದ್ದ.

ವಿಕಾಸ — ನೀನೂ. ನಿಂತಲ್ಲೇ ನಿಲ್ಲು.