ದಿಬ್ಬದ ಮೇಲಿನ ಕುಳಿ

ಕೂತ್ಕೊಳ್ಳಿ ಸಾವ್ಕಾರ್ರೆ. ಆ ಚಾಪೆ ಬೇಡ, ಅದರಲ್ಲಿ ಮೆಣಸು ಒಣಹಾಕಿದ್ದೆ, ಘಾಟು ಹತ್ತುತ್ತೆ. ಈ ಸ್ಟೂಲು ತಗೊಳ್ಳಿ. ಕೋಲಿನ ಚೀಲ ಗೋಡೆಗೆ ಒರಗಿಸಿ... ಹಾಂ. ಯಾರೂ ಮುಟ್ಟಲ್ಲ. ಮೂವತ್ತು ವರ್ಷದಿಂದ ನಿಮ್ಮ ಕ್ಲಬ್ಬಿನ ಹುಲ್ಲಿನ ಮೇಲೆ ಇಬ್ಬನಿ ಹೊಡೀತಿದ್ದೀನಿ, ಒಂದು ದಿನವೂ ಗಾಲ್ಫ್ ಕೋಲು ಮುಟ್ಟಿದೋಳಲ್ಲ ನಾನು.

ಕೈಗಾ? ಏನಿಲ್ಲ. ರೊಟ್ಟಿ ಸುಡುವಾಗ ಹೆಂಚು ತಾಗಿತು, ಬಟ್ಟೆ ಸುತ್ತಿದ್ದೀನಿ. ಎರಡು ಕೈಗೂ ತಾಗುತ್ತಾ ಅಂದ್ರೆ... ತಾಗುತ್ತೆ, ಮುದುಕಿ ಕೈ. ಬಿಡಿ ಅದನ್ನ, ಕಾಫಿ ಕುಡೀರಿ.

ಭಾನುವಾರ ಆಟ ಸೋತು ಕಪ್ ಕಳ್ಕೊಂಡು, ಬುಧವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದ್ರಲ್ಲ! "ಸಿದ್ದಮ್ಮ, ನನ್ನ ಶಾರ್ಟ್ ಗೇಮ್ ಕೆಟ್ಟುಹೋಯ್ತು, ನಿನಗೆ ಆ ನೆಲ ಗೊತ್ತಂತೆ, ಹೇಳಿಕೊಡು" ಅಂತ. ಬಾವುಟದ ಹತ್ರ ಬಂದ ಮೇಲಿನ ಚಿಕ್ಕ ಹೊಡೆತ ತಾನೆ ನೀವು ಹೇಳೋದು? ನಾನು ಓದಿದೋಳಲ್ಲ, ಪಾಠ ಹೇಳೋಕೆ ಬರಲ್ಲ. ಕಥೆ ಬರುತ್ತೆ. ಕೇಳಿ.

ಒಬ್ಬರು ಕಾಫಿ ಸಾವ್ಕಾರ್ರು ಇದ್ರು. ಹೆಸರು ಪೂವಯ್ಯ. ಯಾಕೆ ಹುಬ್ಬು ಹಾರಿಸ್ತೀರಿ? ನೀವಲ್ಲ, ಬೇರೆ ಪೂವಯ್ಯ. ಮಡಿಕೇರಿ ಬಸ್ ಸ್ಟ್ಯಾಂಡಲ್ಲಿ ನಿಂತು ಪೂವಯ್ಯ ಅಂತ ಒಂದು ಸಲ ಕೂಗಿ ನೋಡಿ, ನಾಲ್ಕು ಜನ ತಿರುಗ್ತಾರೆ. ಅದರಲ್ಲಿ ಒಬ್ಬರು ಅಂತ ಇಟ್ಕೊಳ್ಳಿ.

ಈ ಪೂವಯ್ಯನೋರು ವಯಸ್ಸಲ್ಲಿ ಹಾಕಿ ಆಡಿದೋರು. ಭುಜದಿಂದ ಬೀಸಿದ್ರೆ ಚೆಂಡು ರಸ್ತೆ ದಾಟಿ ಪಕ್ಕದ ತೋಟದ ಕಾಫಿ ಗಿಡದೊಳಗೆ ಹೋಗಿ ಕೂರೋದು. ನೋಡೋರೆಲ್ಲ ಬಾಯಿಬಿಟ್ಟು ನೋಡೋರು. ಆದ್ರೆ ಬಾವುಟದ ಹತ್ರ ಬಂದ್ರೋ, ಮುಗೀತು. ನಾಲ್ಕು ಹೆಜ್ಜೆ ದೂರದ ಕುಳಿ. ಚೆಂಡು ಅತ್ತ ಹೋಗುತ್ತೆ, ಇತ್ತ ಹೋಗುತ್ತೆ, ಕುಳಿಗೆ ಮಾತ್ರ ಹೋಗಲ್ಲ. ಊರಿಗೆಲ್ಲ ಗದರಿಸೋ ಗಂಡಸು ಅಡುಗೆಮನೇಲಿ ಒಂದು ಲೋಟ ಎಲ್ಲಿದೆ ಅಂತ ಗೊತ್ತಾಗದೆ ನಿಂತಿರ್ತಾನಲ್ಲ, ಹಾಗೆ ನಿಂತಿರೋರು.

ನಗ್ತೀರಾ? ನಗಿ. ಲೋಟ ಅಂದಮೇಲೆ ನೆನಪಾಯ್ತು. ಮನೆ ಹಾಲಲ್ಲಿ ಕಾರ್ಪೆಟ್ ಹಾಸಿ, ಸ್ಟೀಲ್ ಲೋಟ ಅಡ್ಡ ಮಲಗಿಸಿ ಅದಕ್ಕೆ ಚೆಂಡು ಹೊಡೆಯೋರಂತೆ. ಹೆಂಡತಿ ಹೊನ್ನಮ್ಮನೋರು ಅದೇ ಲೋಟ ತೊಳೆದು ನೆಂಟರಿಗೆ ಕಾಫಿ ಕೊಟ್ರಂತೆ. ಏಳು ಥರದ ಕೋಲು ತರಿಸಿದ್ರು. ಮೊಬೈಲಲ್ಲಿ ಒಬ್ಬ ಬಿಳಿಯನ ಪಾಠ ನೋಡಿದ್ರು. ಏನೇನು ಮಾಡಿದ್ರೂ ಹೊಡೆಯೋ ಹೊತ್ತಿಗೆ ತಲೆ ಎತ್ತಿಬಿಡೋರು. ಚೆಂಡು ಕೋಲು ಬಿಡೋಕೆ ಮುಂಚೆಯೇ ಯಾರು ಯಾರು ನೋಡ್ತಿದ್ದಾರೆ ಅಂತ ಇವರು ನೋಡ್ಬೇಕು.

ಹೋಗ್ಲಿ, ಆಟ ಅವರದು. ಆದ್ರೆ ತಪ್ಪಿದಾಗ ತಮ್ಮ ಕೈ ನೋಡ್ಕೊಳ್ಳೋರಲ್ಲ, ನೆಲ ನೋಡೋರು. "ಹುಲ್ಲು ಸರಿಯಿಲ್ಲ. ಕರೀರಿ ಅವನನ್ನ." ಅವನು ಅಂದ್ರೆ ಕೆಂಪಣ್ಣ, ಹುಲ್ಲು ನೋಡ್ಕೊಳ್ಳೋರು. ಆ ಕೆಂಪಣ್ಣನಿಗೊಬ್ಬಳು ಹೆಂಡತಿ, ಸಿದ್ದಮ್ಮ. ಏನು ಮಾಡೋಣ, ಅವಳ ಹೆಸರೂ ಅದೇ. ನನ್ನ ಗಂಡನ ಹೆಸರು ನಾನು ಬಾಯಲ್ಲಿ ಹೇಳೋದಿಲ್ಲ ಸಾವ್ಕಾರ್ರೆ, ನಿಮಗೂ ಗೊತ್ತು. ಇದು ಕಥೆಯೊಳಗಿನ ಗಂಡ. ಹೇಳಬಹುದು.

ಬಾವುಟದ ಕುಳಿ ದಿನಾ ಒಂದೇ ಜಾಗದಲ್ಲಿದ್ರೆ ಸುತ್ತ ಹುಲ್ಲು ಸವೆಯುತ್ತೆ. ಅದಕ್ಕೆ ಬೆಳಿಗ್ಗೆ ಹೊಸ ಕುಳಿ ಕೊರೆದು, ಹಳೇದನ್ನ ಅದೇ ಮಣ್ಣಿಂದ ಮುಚ್ಚಬೇಕು. ಅದು ಕೆಂಪಣ್ಣನ ಕೆಲಸ. ಅದಕ್ಕೂ ಮುಂಚೆ ಬಿದಿರು ಗಳ ಆಡಿಸಿ ಇಬ್ಬನಿ ಹೊಡೀಬೇಕು. ಅದು ಸಿದ್ದಮ್ಮನ ಕೆಲಸ. ಹೊಡೆದ ಇಬ್ಬನಿ ಯಾವ ಕಡೆ ಜಾರುತ್ತೆ ಅಂತ ಅವಳು ಮೂವತ್ತು ವರ್ಷ ನೋಡಿದ್ಲು. ನೀರು ಹೋಗೋ ಕಡೆಗೇ ಚೆಂಡೂ ಹೋಗೋದು. ಕೊನೇ ಬಾವುಟದ ಹತ್ರ ನೆಲ ಅಂಗೈ ಥರ, ನಡುವೆ ಒಂದು ತಗ್ಗು. ನಾಲ್ಕೂ ಕಡೆಯ ನೀರು ಅಲ್ಲಿಗೇ.

ಒಂದು ದಿನ ಅವಳೇ ಗಂಡನಿಗೆ ಹೇಳಿದ್ಲು, "ದಿನಾ ಬೈಸ್ಕೊಳ್ಳೋದು ಯಾಕೆ? ಭಾನುವಾರ ಕುಳಿ ಆ ತಗ್ಗಲ್ಲೇ ಕೊರೀರಿ. ಹ್ಯಾಗೆ ಹೊಡೆದ್ರೂ ಹೋಗಿ ಬೀಳಲಿ."

ಬಿತ್ತು ಸಾವ್ಕಾರ್ರೆ. ವಾರ ವಾರ ಬಿತ್ತು. ಪೂವಯ್ಯನೋರ ಶಾರ್ಟ್ ಗೇಮ್ ಸುಧಾರಿಸಿಬಿಡ್ತು. ಆಮೇಲೆ ನೋಡಬೇಕಿತ್ತು ಅವರನ್ನ. ಆರು ಜನ ಶಿಷ್ಯರು. "ಮಣಿಕಟ್ಟು ಅಲ್ಲಾಡಬಾರದು, ಉಸಿರು ಹಿಡೀಬೇಕು, ಚೆಂಡಿನ ಜೊತೆ ಮನಸ್ಸಲ್ಲೇ ಮಾತಾಡಬೇಕು." ಮಾತಾಡಿದ್ರಂತೆ. ಚೆಂಡು ಏನು ಹೇಳ್ತೋ ಏನೋ, ಸಿದ್ದಮ್ಮ ಬಿದಿರು ಹಿಡ್ಕೊಂಡು ಬೇಲಿ ಹಿಂದೆ ಸೆರಗು ಬಾಯಿಗೆ ಒತ್ಕೊಂಡಿದ್ಲು.

ಯಾಕೆ ಕಾಫಿ ಕೆಳಗಿಟ್ರಿ? ಸಕ್ಕರೆ ಸಾಲದಾ?... ಸರಿ.

ಆಮೇಲೆ ಬಂತು ಹೋದ ದೀಪಾವಳಿ ಹಿಂದೆಮುಂದೆ ಸುರಿದ ಮಳೆ. ತಗ್ಗಲ್ಲಿ ನೀರು ನಿಂತ್ಕೊಂಡ್ತು. ನೀರೊಳಗೆ ಕುಳಿ ಕೊರೆಯೋಕಾಗುತ್ತಾ? ಕೆಂಪಣ್ಣ ಪಕ್ಕದ ಇಳಿಜಾರಲ್ಲಿ ಕೊರೆದ್ರು. ಅವತ್ತೇ ಮೈಸೂರಿಂದ ಅತಿಥಿಗಳು. ಅವರ ಮುಂದೆ ಪೂವಯ್ಯನೋರಿಗೆ ಮೊಳದುದ್ದದ ಹೊಡೆತ ತಪ್ತು. ಯಾರೋ ಹಿಂದಿನಿಂದ ನಕ್ರು.

ಕ್ಲಬ್ಬಲ್ಲಿ ಪೂವಯ್ಯನೋರ ಮಾತೇ ಮಾತು. ಸೋಮವಾರ ಕೆಂಪಣ್ಣನನ್ನ ಕರೆಸಿ, ನಾಳೆಯಿಂದ ಬರಬೇಡ ಅಂದ್ರು. ಮೂವತ್ತೊಂದು ವರ್ಷ ಕುಳಿ ಕೊರೆದ ಮನುಷ್ಯನಿಗೆ, ನಿನಗೆ ಕುಳಿ ಕೊರೆಯೋಕೆ ಬರಲ್ಲ ಅಂದ್ರು. ಕೆಂಪಣ್ಣ ಒಂದು ಮಾತು ಹೇಳಿದ್ರೆ ಸಾಕಿತ್ತು, ನಿಮ್ಮ ಚೆಂಡು ಇಷ್ಟು ದಿನ ಯಾಕೆ ಬೀಳ್ತಿತ್ತು ಅಂತ. ಹೇಳ್ಲಿಲ್ಲ. ಸಾವ್ಕಾರ್ರ ಮಾನ ಹೋಗುತ್ತಂತೆ. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ರು.

ಈಗ ನಗು ಬರ್ತಿಲ್ವಾ? ಇರಲಿ, ಮುಂದೆ ಬರುತ್ತೆ.

ಕೆಂಪಣ್ಣನ ಜಾಗಕ್ಕೆ ಮಹೇಶ ಅಂತ ಒಬ್ಬ ಬಂದ. ಒಳ್ಳೆಯೋನೇ, ಸ್ವಲ್ಪ ಸೋಮಾರಿ. ಹಳೇ ಕುಳಿ ಎಲ್ಲಿದೆಯೋ ಅದರ ಪಕ್ಕದಲ್ಲೇ ಇನ್ನೊಂದು ಕೊರೆದು ಹೋಗ್ತಿದ್ದ. ಮಳೆ ಬಿಟ್ಟ ಮೇಲೆ ಕುಳಿ ಹೀಗೇ ಜರುಗಿ ಜರುಗಿ ಮತ್ತೆ ತಗ್ಗಿಗೆ ಸೇರ್ತು, ಪೂವಯ್ಯನೋರು ಮತ್ತೆ ಗುರುಗಳಾದ್ರು. ಆಡಿ ಆಡಿ ಕಪ್ಪಿನ ಕೊನೇ ಆಟಕ್ಕೂ ಬಂದ್ರು. ಎದುರಿಗೆ ಯಾರು? ಹಲ್ಲಿನ ಡಾಕ್ಟ್ರು ಕೃಷ್ಣಪ್ಪ. ಹಲ್ಲು ಕಿತ್ತು ಕಿತ್ತು ಆ ಮನುಷ್ಯನ ಮಣಿಕಟ್ಟು ಹದವಾಗಿದೆ, ನೋವಾಗದ ಹಾಗೆ ಮುಟ್ತಾರೆ.

ಕೊನೇ ಬಾವುಟದವರೆಗೂ ಇಬ್ಬರೂ ಸಮ. ಹೋಗಿ ನೋಡ್ತಾರೆ, ಕುಳಿ ತಗ್ಗಲ್ಲಿಲ್ಲ. ದಿಬ್ಬದ ಮೇಲಿದೆ. ಡಾಕ್ಟ್ರು ಎರಡು ಸಲ ಸವರಿದ ಹಾಗೆ ಮಾಡಿದ್ರು, ಬಿತ್ತು. ಪೂವಯ್ಯನೋರು ಉಸಿರು ಹಿಡಿದ್ರು, ಚೆಂಡಿನ ಜೊತೆ ಮಾತಾಡಿದ್ರು, ಹೊಡೆದ್ರು, ತಲೆ ಎತ್ತಿದ್ರು. ಚೆಂಡು ಮೇಲೆ ಹೋಯ್ತು, ಕುಳಿಯೊಳಗೆ ಇಣುಕಿತು, ಜಾರ್ಕೊಂಡು ವಾಪಸ್ ಅವರ ಶೂ ಹತ್ರವೇ ಬಂತು, ಸಾಕಿದ ನಾಯಿ ಹಾಗೆ. ಮತ್ತೆ ಹೊಡೆದ್ರು. ಮತ್ತೆ ಬಂತು. ಐದು ಸಲ ಸಾವ್ಕಾರ್ರೆ! ಶಿಷ್ಯರೆಲ್ಲ ಆಕಾಶ ನೋಡ್ತಾ ನಿಂತಿದ್ರು.

ದಿಬ್ಬದ ಮೇಲೆ ಯಾರು ಕೊರೆದಿದ್ದು ಅಂತಾನಾ? ಮಹೇಶನೇ ಇರಬೇಕು. ಹೌದಾ, ಅವನು ಶನಿವಾರವೇ ನೆಲ್ಯಹುದಿಕೇರಿಗೆ, ತಂಗಿಗೆ ಗಂಡು ನೋಡೋಕೆ ಹೋಗಿದ್ನಾ? ಹಾಗಾದ್ರೆ ಹೋಗೋಕೆ ಮುಂಚೆ ಕೊರೆದಿಟ್ಟಿರ್ತಾನೆ. ಅದೇನು ಯಾರೋ ಬಂದು ಮಾಡೋ ಕೆಲಸವಾ? ಕಬ್ಬಿಣದ ಕೊಳವೆ, ಮೇಲೆ ಅಡ್ಡ ಹಿಡಿ. ಮೈಭಾರವೆಲ್ಲ ಹಾಕಿ ಒತ್ತಬೇಕು, ತಿರುಗಿಸಬೇಕು, ಮತ್ತೆ ಒತ್ತಬೇಕು. ನಮ್ಮನೆಯೋರ ಅಂಗೈ ಗೊರಸಿನ ಹಾಗಾಗಿತ್ತು, ತಡೀತಿತ್ತು. ಅಭ್ಯಾಸ ಇಲ್ಲದೋರು ಹಿಡಿದ್ರೆ ಒಂದೇ ಕುಳಿಗೆ ಬೊಬ್ಬೆ ಎದ್ದು ಎರಡೂ ಅಂಗೈ ಸುಲಿದು...

ಕಾಫಿ ಆರ್ತಿದೆ.

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಮುಖ ನೋಡಿ ಮಾತಾಡಿ ಸಾವ್ಕಾರ್ರೆ, ಕೈ ಯಾಕೆ ನೋಡ್ತೀರಿ... ಹೆಂಚು ಅಂದೆನಲ್ಲ. ರೊಟ್ಟಿ ಹೆಂಚು...

ಸರಿ. ಹೆಂಚಲ್ಲ.

ನಾನೇ. ಬೆಳಕು ಹರಿಯೋ ಹೊತ್ತಿಗೆ ಇಬ್ಬನಿ ಹೊಡೆದು, ಶೆಡ್ಡಿಂದ ಕೊಳವೆ ತಂದು ಕೊರೆದೆ. ಅರ್ಧ ಗಂಟೆ ಹಿಡೀತು. ಒಂದು ಮಾತು ಹೇಳ್ತೀನಿ, ಆಮೇಲೆ ನಿಮ್ಮಿಷ್ಟ. ಭಾನುವಾರ ನಾನು ಮೋಸ ಮಾಡ್ಲಿಲ್ಲ. ಡಾಕ್ಟ್ರಿಗೂ ಅದೇ ಕುಳಿ, ನಿಮಗೂ ಅದೇ ಕುಳಿ. ಇಷ್ಟು ವರ್ಷ ತಗ್ಗಲ್ಲಿ ಕೊರೆದು ಕೊಟ್ಟೆವಲ್ಲ, ಅದು ಮೋಸ. ಆಗ ನಿಮಗೆ ಸಿಟ್ಟು ಬರ್ಲಿಲ್ಲ.

ನೀವು ಕೇಳಿದ ಪಾಠ ಇದೆ ನೋಡಿ, ಇಷ್ಟೇ. ಲೋಟದ ನೀರು ನೆಲದ ಮೇಲೆ ಚೆಲ್ತೀನಿ... ಕಂಡ್ತಾ? ಸಮ ಅಂದ್ಕೊಂಡಿದ್ರಿ. ಹೊಸಿಲ ಕಡೆ ಹೋಯ್ತು. ನೆಲ ಏನು ಹೇಳುತ್ತೆ ಅಂತ ಮೊದಲು ಕೇಳಬೇಕು, ಚೆಂಡಿನ ಹತ್ರ ಮಾತು ಆಮೇಲೆ.

ಕಥೆ ಮುಗೀಬೇಕಲ್ಲ. ಕೃಷ್ಣಪ್ಪ ಡಾಕ್ಟ್ರು ಕಪ್ ಒಯ್ದು ಕ್ಲಿನಿಕ್ಕಲ್ಲಿಟ್ಟು ಅದರೊಳಗೆ ಹತ್ತಿ ತುಂಬಿದ್ದಾರಂತೆ. ಮಹೇಶ ವಾಪಸ್ ಬಂದು, ಎಂದಿನ ಹಾಗೆ ಹಳೇ ಕುಳಿ ಪಕ್ಕದಲ್ಲೇ ಕೊರೆದ. ಈಗ ಕುಳಿ ದಿಬ್ಬದ ಮೇಲೇ ಉಳೀತು, ಆರು ಶಿಷ್ಯರೂ ಅಲ್ಲೇ ಒದ್ದಾಡ್ತಿದ್ದಾರೆ. ಹೊನ್ನಮ್ಮನೋರಿಗೆ ಅವರ ಲೋಟ ವಾಪಸ್ ಸಿಕ್ಕಿರಬೇಕು. ನಮ್ಮನೆಯೋರು ಆ ಒಳಬಾಗಿಲ ಪರದೆ ಹಿಂದೆ ಇದ್ದಾರೆ, ಗೋಡೆ ಕಡೆ ಮುಖ ಮಾಡ್ಕೊಂಡು. ಎಚ್ಚರವಾಗಿದ್ದಾರೆ. ನಾನು ಮಾಡಿದ್ದು ಅವರಿಗೂ ಈಗಲೇ ಗೊತ್ತಾಗಿದ್ದು. ಸಿದ್ದಮ್ಮ ನಾಳೆಯೂ ಬಿದಿರು ಹಿಡ್ಕೊಂಡು ಹೊರಡ್ತಾಳೆ, ಯಾರಾದ್ರೂ ಬೇಡ ಅನ್ನೋವರೆಗೆ. ಪೂವಯ್ಯನೋರು ಏನಾದ್ರು ಅಂತ ಮಾತ್ರ ನನಗೆ ಗೊತ್ತಿಲ್ಲ. ಅವರು ಕಾಫಿ ಆರೋವರೆಗೂ ಕೂತಿದ್ರು, ಆಮೇಲೆ ಎದ್ದರು. ಎದ್ದು...

ಚೀಲ ಇಲ್ಲೇ ಬಿಟ್ರಿ ಸಾವ್ಕಾರ್ರೆ. ಬಾಗಿಲು ಆ ಕಡೆ, ಇದು ಒಳಗಿನದು...

ತಲೆ ತಗ್ಗಿಸಿ. ನಮ್ಮ ಒಳಬಾಗಿಲು ಗಿಡ್ಡ.